ಪುಟ ಬದಲಾದರೂ ಸ್ಕ್ರೀನ್ ರೀಡರ್ ಯಾಕೆ ಸುಮ್ಮನಿರುತ್ತದೆ?

ಬೆಂಗಳೂರಿನಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸಿನ ಟಿಕೆಟ್ ಬುಕ್ ಮಾಡುವ ಜಾಲತಾಣವೊಂದನ್ನು ಎದುರಿಗಿಟ್ಟುಕೊಳ್ಳೋಣ. ಊರಿನ ಹೆಸರಿನ ಎರಡು ಅಕ್ಷರ ಒತ್ತಿದರೆ ಕೆಳಗೆ ಊರುಗಳ ಪಟ್ಟಿ ತೆರೆದುಕೊಳ್ಳುತ್ತದೆ. ‘ಹುಡುಕಿ’ ಒತ್ತಿದರೆ ಪುಟ ಮತ್ತೆ ಲೋಡ್ ಆಗದೆಯೇ ಬಸ್ಸುಗಳು ಬಂದು ಕೂರುತ್ತವೆ. ಸೀಟು ಮುಟ್ಟಿದರೆ ಬಣ್ಣ ಬದಲಾಗುತ್ತದೆ. ಮೇಲ್ಗಡೆ ಉಳಿದ ಸಮಯ ಸೆಕೆಂಡು ಸೆಕೆಂಡಿಗೂ ಇಳಿಯುತ್ತಿರುತ್ತದೆ. ಕಣ್ಣು ಕಾಣದವರು ಪುಟವನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವನ್ನು, ಅಂದರೆ ಸ್ಕ್ರೀನ್ ರೀಡರನ್ನು, ಬಳಸುತ್ತಾರೆ. ಅವರು ಕಂಪ್ಯೂಟರಿನಲ್ಲಿ ಎನ್‌ವಿಡಿಎ ಹಾಕಿಕೊಂಡೋ ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡೋ ಈ ಪುಟಕ್ಕೆ ಬಂದರೆ ಈ ನಾಲ್ಕೂ ಕಡೆ ಸಿಕ್ಕಿಬೀಳಬಹುದು. ನಾಲ್ಕಕ್ಕೂ ಮೂಲ ಒಂದೇ: ಸ್ಕ್ರೀನ್ ರೀಡರ್ ಓದುವುದು ಪರದೆಯನ್ನಲ್ಲ.

ಪುಟವನ್ನು ಚಿತ್ರಿಸುವಾಗಲೇ ಬ್ರೌಸರ್ ಇನ್ನೊಂದು ರಚನೆಯನ್ನೂ ಕಟ್ಟುತ್ತದೆ. ಅದಕ್ಕೆ ಆಕ್ಸೆಸಿಬಿಲಿಟಿ ಟ್ರೀ ಎನ್ನುತ್ತಾರೆ. ಪುಟದಲ್ಲಿರುವ ಪ್ರತಿಯೊಂದು ವಸ್ತುವಿನ ಹೆಸರೇನು, ಅದು ಬಟನ್ನೋ ಲಿಂಕೋ, ತೆರೆದಿದೆಯೋ ಮುಚ್ಚಿದೆಯೋ, ಇಷ್ಟು ಅದರಲ್ಲಿರುತ್ತದೆ. ಸ್ಕ್ರೀನ್ ರೀಡರ್‌ಗೆ ಸಿಗುವುದು ಇದೇ. ಸೀಟು ಹಸಿರಾಯಿತು ಎಂಬ ಸುದ್ದಿ ಈ ಟ್ರೀಯನ್ನು ತಲುಪುವುದೇ ಇಲ್ಲ. ‘ಆಯ್ಕೆಯಾಗಿದೆ’ ಎಂದು ಪ್ರೋಗ್ರಾಮರ್ ಬರೆದಿದ್ದರೆ ಮಾತ್ರ ತಲುಪುತ್ತದೆ.

ಮೊದಲ ತಪ್ಪು ಬಟನ್ನಿನಲ್ಲೇ ಆಗುತ್ತದೆ. ಎಚ್‌ಟಿಎಂಎಲ್‌ನ ಬಟನ್ ಟ್ಯಾಗ್ ಬಳಸಿದರೆ ಟ್ಯಾಬ್ ಕೀಲಿ ಅಲ್ಲಿಗೆ ಹೋಗುತ್ತದೆ, ಎಂಟರ್ ಮತ್ತು ಸ್ಪೇಸ್ ಎರಡೂ ಕೆಲಸ ಮಾಡುತ್ತವೆ, ‘ಹುಡುಕಿ, ಬಟನ್’ ಎಂದು ದನಿ ಬರುತ್ತದೆ. ಅದರ ಬದಲು ಬರೀ ಚೌಕಟ್ಟಾದ ಡಿವ್ ಟ್ಯಾಗಿಗೆ ಬಣ್ಣ ಬಳಿದು ಮೌಸ್ ಕ್ಲಿಕ್ ಜೋಡಿಸಿದರೆ ಇದರಲ್ಲಿ ಒಂದೂ ಸಿಗದು. ಆಮೇಲೆ ‘ಇದು ಬಟನ್’ ಎಂದು ತಿಳಿಸುವ ರೋಲ್ ಬರೆದು, ಟ್ಯಾಬ್ ಕೀಲಿ ತಲುಪುವಂತೆ ಟ್ಯಾಬ್‌ಇಂಡೆಕ್ಸ್ 0 ಕೊಟ್ಟು, ಎರಡು ಕೀಲಿಗಳಿಗೂ ಬೇರೆ ಕೋಡ್ ಬರೆದು ರಿಪೇರಿ ಮಾಡಬೇಕು. ಒಂದು ಟ್ಯಾಗಿನಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ತಿಣುಕುವುದು ಯಾಕೆ?

ಎಚ್‌ಟಿಎಂಎಲ್‌ನಲ್ಲಿ ಇಲ್ಲದ್ದನ್ನು ಹೇಳುವುದಕ್ಕೆಂದೇ ಏರಿಯಾ (ARIA) ಎಂಬ ಗುಣಪದಗಳ, ಅಂದರೆ ಟ್ಯಾಗಿನೊಳಗೆ ಬರೆಯುವ ಆಟ್ರಿಬ್ಯೂಟ್‌ಗಳ, ಸಂಗ್ರಹವಿದೆ. ಜಾಲತಾಣಗಳ ಮಾನಕಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2014ರಲ್ಲಿ ಅದರ ಮೊದಲ ಆವೃತ್ತಿಯನ್ನು ಅಂತಿಮಗೊಳಿಸಿತು; 1.2ನೇ ಆವೃತ್ತಿ ಬಂದದ್ದು 2023ರಲ್ಲಿ. ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಏರಿಯಾ ಬದಲಿಸುವುದು ಟ್ರೀಯಲ್ಲಿ ಏನು ಬರೆದಿದೆ ಎಂಬುದನ್ನಷ್ಟೇ. ‘ಇದು ಚೆಕ್‌ಬಾಕ್ಸ್’ ಎಂದು ಬರೆದ ಮಾತ್ರಕ್ಕೆ ಸ್ಪೇಸ್ ಒತ್ತಿದಾಗ ಟಿಕ್ ಬೀಳುವುದಿಲ್ಲ. ಹಾಗೆ ಬರೆದು ಕೀಲಿಗಳನ್ನು ಜೋಡಿಸದೆ ಬಿಟ್ಟರೆ, ಏನೂ ಬರೆಯದೆ ಇರುವುದಕ್ಕಿಂತ ಹೆಚ್ಚಿನ ಹಾನಿ. ಕೇಳುವವರು ನಂಬಿ ಒತ್ತುತ್ತಲೇ ಇರುತ್ತಾರೆ.

ಊರಿನ ಪಟ್ಟಿಯನ್ನು ನೋಡಿ. ಇನ್‌ಪುಟ್‌ಗೆ ಕಾಂಬೋಬಾಕ್ಸ್ ಎಂಬ ರೋಲ್ ಬೇಕು, ಕೆಳಗಿನ ಪಟ್ಟಿಗೆ ಲಿಸ್ಟ್‌ಬಾಕ್ಸ್, ಒಂದೊಂದು ಊರಿಗೂ ಆಪ್ಷನ್. ಪಟ್ಟಿ ತೆರೆದಾಗ ಏರಿಯಾ-ಎಕ್ಸ್‌ಪ್ಯಾಂಡೆಡ್ ‘ಟ್ರೂ’ ಆಗಬೇಕು, ಮುಚ್ಚಿದಾಗ ‘ಫಾಲ್ಸ್’. ಕೆಳಬಾಣದ ಕೀಲಿ ಒತ್ತಿದಾಗ ಫೋಕಸ್, ಅಂದರೆ ಒತ್ತಿದ ಕೀಲಿ ಹೋಗಿ ತಲುಪುವ ಜಾಗ, ಪಟ್ಟಿಗೆ ಹಾರಬಾರದು, ಹಾರಿದರೆ ಮುಂದಿನ ಅಕ್ಷರ ಒತ್ತಲು ಆಗುವುದಿಲ್ಲ. ಫೋಕಸ್ ಇನ್‌ಪುಟ್‌ನಲ್ಲೇ ಇದ್ದು, ಈಗ ಯಾವ ಊರಿನ ಮೇಲಿದ್ದೇವೆ ಎಂಬುದನ್ನು ಏರಿಯಾ-ಆಕ್ಟಿವ್‌ಡಿಸೆಂಡೆಂಟ್ ತಿಳಿಸಬೇಕು. ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚಬೇಕು.

ಬಸ್ಸುಗಳು ಸದ್ದಿಲ್ಲದೆ ಬಂದು ಕೂರುವ ಜಾಗವೇ ಎಲ್ಲಕ್ಕಿಂತ ತೊಡಕಿನದು. ಓದುವವರ ಫೋಕಸ್ ಇನ್ನೂ ‘ಹುಡುಕಿ’ ಬಟನ್ನಿನ ಮೇಲೇ ಇದೆ, ಕೆಳಗೆ ಏನಾಯಿತೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಇದಕ್ಕಿರುವುದು ಲೈವ್ ರೀಜನ್. ಅದರೊಳಗಿನ ಅಕ್ಷರ ಬದಲಾದರೆ, ಫೋಕಸ್ ಎಲ್ಲೇ ಇರಲಿ, ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಆದರೆ ಈ ರೀಜನ್ ಪುಟ ತೆರೆದಾಗಲೇ ಖಾಲಿಯಾಗಿ ಅಲ್ಲಿರಬೇಕು. ಸಂದೇಶದ ಜೊತೆಗೇ ರೀಜನ್ನನ್ನೂ ಹೊಸದಾಗಿ ಸೇರಿಸಿದರೆ ಹಲವು ಬ್ರೌಸರ್‌ಗಳಲ್ಲಿ ದನಿಯೇ ಬರುವುದಿಲ್ಲ, ಯಾಕೆಂದರೆ ರೀಡರ್ ಗಮನಿಸುವುದು ಬದಲಾವಣೆಯನ್ನು, ಮೊದಲೇ ತುಂಬಿ ಬಂದದ್ದನ್ನಲ್ಲ. ಡಿಸ್‌ಪ್ಲೇ ನನ್ (display: none) ಕೊಟ್ಟು ಅಡಗಿಸಿಟ್ಟರೂ ಅಷ್ಟೇ, ಅದು ಟ್ರೀಯಿಂದಲೇ ಹೊರಗೆ ಹೋಗುತ್ತದೆ. ಅದೇ ಸಂದೇಶವನ್ನು ಎರಡನೇ ಸಲ ಹೇಳಿಸಬೇಕಾದರೆ ಮೊದಲು ಖಾಲಿ ಮಾಡಿ, ಸ್ವಲ್ಪ ತಡೆದು ಮತ್ತೆ ತುಂಬಬೇಕು.

ಲೈವ್ ರೀಜನ್‌ಗೆ ಎರಡು ಬಗೆ. ‘ಪೊಲೈಟ್’ ಆದರೆ ಈಗ ಓದುತ್ತಿರುವುದು ಮುಗಿಯುವ ತನಕ ಕಾಯುತ್ತದೆ, ‘ಅಸರ್ಟಿವ್’ ಆದರೆ ನಡುವೆಯೇ ಬಾಯಿ ಹಾಕುತ್ತದೆ. ‘14 ಬಸ್ಸುಗಳು ಸಿಕ್ಕಿವೆ’ ಎನ್ನುವುದಕ್ಕೆ ಪೊಲೈಟ್ ಸಾಕು, ಹಣ ಪಾವತಿ ವಿಫಲವಾದರೆ ಅಸರ್ಟಿವ್. ಹದಿನಾಲ್ಕು ಬಸ್ಸುಗಳ ವಿವರವನ್ನೆಲ್ಲ ರೀಜನ್ನಿನೊಳಗೆ ಸುರಿಯಬಾರದು; ಎಣಿಕೆ ಹೇಳಿದರೆ ಸಾಕು, ಓದುವವರು ತಮ್ಮ ವೇಗದಲ್ಲಿ ಕೆಳಗಿಳಿದು ಓದಿಕೊಳ್ಳುತ್ತಾರೆ. ಇಳಿಯುತ್ತಿರುವ ಸಮಯವನ್ನಂತೂ ಲೈವ್ ಮಾಡಲೇಬಾರದು. ಪ್ರತಿ ಸೆಕೆಂಡಿಗೂ ಅಂಕಿ ಕಿವಿಗೆ ಬಿದ್ದರೆ ಬೇರೇನೂ ಕೇಳಿಸದು.

ಸಮಯದ ಬಗ್ಗೆ, ಜಾಲತಾಣಗಳು ಎಲ್ಲರಿಗೂ ಎಟುಕಲೆಂದು ಡಬ್ಲ್ಯು3ಸಿ ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಸ್ಪಷ್ಟ ಲೆಕ್ಕವೇ ಇದೆ. ಅದು ಒಪ್ಪುವ ದಾರಿಗಳಲ್ಲಿ ಒಂದು ಹೀಗೆ: ಅವಧಿ ಮುಗಿಯುವ ಮೊದಲು ಎಚ್ಚರಿಸಿ, ಸ್ಪೇಸ್ ಒತ್ತುವಷ್ಟು ಸುಲಭವಾಗಿ ಅದನ್ನು ಮುಂದೂಡಿಕೊಳ್ಳಲು ಕನಿಷ್ಠ 20 ಸೆಕೆಂಡು ಕೊಡಬೇಕು, ಹಾಗೆ ಕನಿಷ್ಠ 10 ಸಲ ಮುಂದೂಡಲು ಬಿಡಬೇಕು. ಹರಾಜಿನಂಥ ಸಂದರ್ಭಗಳಿಗೆ ವಿನಾಯಿತಿಯಿದೆ. ಒಂದೊಂದು ಕೀಲಿ ಒತ್ತಲೂ ಹೆಚ್ಚು ಹೊತ್ತು ಬೇಕಾದವರಿಗೆ, ಕಿವಿಯಿಂದ ಪುಟವನ್ನು ಅಳೆಯುವವರಿಗೆ, ಹತ್ತು ನಿಮಿಷ ಎಂದರೆ ಎಲ್ಲರ ಹತ್ತು ನಿಮಿಷ ಅಲ್ಲ.

ಸೀಟಿನ ನಕ್ಷೆಯಲ್ಲಿ ಒಂದೊಂದು ಸೀಟೂ ಬಟನ್ ಆಗಿರಲಿ. ಹೆಸರಿನಲ್ಲಿ ಕಣ್ಣಿಗೆ ಕಾಣುವುದೆಲ್ಲ ಇರಬೇಕು: ‘12, ಕೆಳ ಬರ್ತ್, ಕಿಟಕಿ ಪಕ್ಕ, 850 ರೂಪಾಯಿ’. ಆಯ್ಕೆಯಾದದ್ದನ್ನು ಏರಿಯಾ-ಪ್ರೆಸ್ಡ್ ಹೇಳುತ್ತದೆ. ಬಣ್ಣವೊಂದನ್ನೇ ನೆಚ್ಚಿಕೊಂಡರೆ ಕೆಂಪು-ಹಸಿರು ಗುರುತಿಸಲಾಗದವರೂ ತಪ್ಪು ಸೀಟು ಹಿಡಿಯುತ್ತಾರೆ, ಆದ್ದರಿಂದ ಗುರುತೊಂದು ಬೇಕು. ನಲವತ್ತು ಸೀಟಿಗೆ ನಲವತ್ತು ಸಲ ಟ್ಯಾಬ್ ಒತ್ತಿಸಬೇಡಿ: ಒಂದು ಸೀಟಿಗೆ ಮಾತ್ರ ಟ್ಯಾಬ್‌ಇಂಡೆಕ್ಸ್ 0, ಉಳಿದವಕ್ಕೆ ಮೈನಸ್ 1 ಇಟ್ಟು, ಬಾಣದ ಕೀಲಿಯಿಂದ ಓಡಾಡುವಂತೆ ಮಾಡಿ. ಕೈ ನಡುಗುವವರಿಗಾಗಿ 2023ರ ಡಬ್ಲ್ಯುಸಿಎಜಿ 2.2 ಹೇಳುವ ಬಟನ್ನಿನ ಕನಿಷ್ಠ ಗಾತ್ರ 24 × 24 ಸಿಎಸ್‌ಎಸ್ ಪಿಕ್ಸೆಲ್; ಅದಕ್ಕಿಂತ ಚಿಕ್ಕದಾದರೆ ಸುತ್ತ ಸಾಕಷ್ಟು ಜಾಗ ಬಿಡಬೇಕು.

ಕನ್ನಡದ ಪುಟಗಳಿಗೆ ಇನ್ನೆರಡು ತೊಂದರೆಗಳಿವೆ. ಪುಟದ ಭಾಷೆ ಕನ್ನಡ ಎಂದು ಲ್ಯಾಂಗ್ ಗುಣಪದದಲ್ಲಿ ಬರೆಯದಿದ್ದರೆ ಇಂಗ್ಲಿಷ್ ದನಿ ಕನ್ನಡ ಅಕ್ಷರಗಳನ್ನು ಹಾರಿಸಿಕೊಂಡು ಹೋಗಬಹುದು. ಎನ್‌ವಿಡಿಎ ಜೊತೆಗೇ ಬರುವ ದನಿ ತಂತ್ರಾಂಶ ಇ-ಸ್ಪೀಕ್ ಎನ್‌ಜಿಗೆ ಕನ್ನಡ ಗೊತ್ತಿದೆ, ಅದಕ್ಕೆ ಭಾಷೆ ಯಾವುದೆಂದು ತಿಳಿಸಬೇಕಷ್ಟೆ. ಎರಡನೆಯದು ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪಿಸಿದ ಪಠ್ಯ. ಕಣ್ಣಿಗೆ ಅಂದದ ಕನ್ನಡ, ಒಳಗೆ ಇರುವುದು ಲ್ಯಾಟಿನ್ ಅಕ್ಷರಗಳ ರಾಶಿ. ರೀಡರ್ ಅದನ್ನೇ ಓದುತ್ತದೆ, ಒಂದು ಪದವೂ ಅರ್ಥವಾಗದು. ಯುನಿಕೋಡ್‌ಗೆ ಪರಿವರ್ತಿಸದೆ ಬೇರೆ ದಾರಿಯಿಲ್ಲ.

ಇದು ದಯೆ ತೋರಿಸುವ ಮಾತೂ ಅಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ, ಡಿಜಿಟಲ್ ಸೇವೆಗಳು ಎಟುಕುವಂತಿರಲೆಂದೇ ಐಎಸ್ 17802 ಎಂಬ ಭಾರತೀಯ ಮಾನಕ ಇದೆ. ಕಣ್ಣು ಮಿಟುಕಿಸಿ ಎಂದು ಕೇಳುವ ಕೆವೈಸಿಯಿಂದ (ಗ್ರಾಹಕರ ಗುರುತು ಪರಿಶೀಲನೆಯಿಂದ) ಹೊರಗುಳಿದವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 2025ರ ಏಪ್ರಿಲ್ 30ರಂದು, ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿದೆ.

ಪರೀಕ್ಷೆಗೆ ದುಡ್ಡು ಬೇಡ. ಮೌಸ್ ಪಕ್ಕಕ್ಕಿಟ್ಟು ಟ್ಯಾಬ್, ಬಾಣ, ಎಂಟರ್, ಎಸ್ಕೇಪ್‌ಗಳಲ್ಲೇ ಒಂದು ಟಿಕೆಟ್ ಬುಕ್ ಮಾಡಿ ನೋಡಿ. ಫೋಕಸ್ ಎಲ್ಲಿದೆಯೆಂದು ಕಾಣದಾದ ಜಾಗಗಳನ್ನೆಲ್ಲ ಗುರುತು ಹಾಕಿಕೊಳ್ಳಿ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಆಕ್ಸೆಸಿಬಿಲಿಟಿ ವಿಭಾಗ ತೆರೆದರೆ ಆ ಟ್ರೀ ಕಣ್ಣಿಗೇ ಕಾಣುತ್ತದೆ. ಎನ್‌ವಿಡಿಎ ಉಚಿತ, ಅದರ ಟೂಲ್ಸ್ ಮೆನುವಿನಲ್ಲಿರುವ ಸ್ಪೀಚ್ ವ್ಯೂವರ್ ಹಾಕಿಕೊಂಡರೆ ಅದು ಹೇಳುವುದೆಲ್ಲ ಅಕ್ಷರದಲ್ಲೂ ಮೂಡುತ್ತದೆ. ತಾನೇ ತಪ್ಪು ಹುಡುಕುವ ತಂತ್ರಾಂಶಗಳು ಹೆಸರಿಲ್ಲದ ಬಟನ್ನನ್ನೂ ಮಂಕಾದ ಅಕ್ಷರವನ್ನೂ ಹಿಡಿಯುತ್ತವೆ, ಆದರೆ ಸೀಟು ಆರಿಸಿದ ಮೇಲೆ ಫೋಕಸ್ ಪುಟದ ತುದಿಗೆ ಹಾರಿತು ಎಂಬುದನ್ನು ಸಾಮಾನ್ಯವಾಗಿ ಹಿಡಿಯಲಾರವು. ಅದಕ್ಕೆ ದಿನವೂ ಸ್ಕ್ರೀನ್ ರೀಡರ್ ಬಳಸುವವರನ್ನೇ, ಸಂಭಾವನೆ ಕೊಟ್ಟು, ಜಾಲತಾಣ ಬಿಡುಗಡೆ ಆಗುವ ಮೊದಲೇ ಕರೆಸಬೇಕು.