ಆಂಬುಲೆನ್ಸ್ ಹತ್ತುವ ಮೊದಲು ಹತ್ತು ವೈಲು

ನಮ್ಮ ಭಾಗದಲ್ಲಿ ಹಾವು ಕಚ್ಚಿದವರನ್ನು ಬಹಳ ಸಲ ಕೊಲ್ಲುವುದು ದಾರಿ. ಹೊಲದಿಂದ ಹಣಮಂತ ದೇವರ ಗುಡಿಗೆ, ಗುಡಿಯಿಂದ ನಾಟಿ ಔಷಧ ಕೊಡುವವರ ಮನೆಗೆ, ಅಲ್ಲಿಂದ ದೊಡ್ಡ ಊರಿನ ಖಾಸಗಿ ದವಾಖಾನೆಗೆ, ಆಮೇಲೆ ತಾಲೂಕು ಆಸ್ಪತ್ರೆಗೆ, ಕೊನೆಗೆ ಕಲಬುರಗಿಗೆ. ಇಷ್ಟು ಕಡೆ ತಿರುಗುವಷ್ಟರಲ್ಲಿ ಆರೆಂಟು ತಾಸು ಕಳೆದುಹೋಗಿರುತ್ತವೆ. ವಿಷಕ್ಕೆ ಇರುವ ಒಂದೇ ಮದ್ದು ವೈಲಿನಲ್ಲಿ, ಅಂದರೆ ಸಣ್ಣ ಸೀಸೆಯಲ್ಲಿ ಬರುವ ವಿಷನಿರೋಧಕ ಚುಚ್ಚುಮದ್ದು. ಅದರ ಮೊದಲ ಹನಿ ಇನ್ನೂ ಮೈಗೆ ಇಳಿದಿರುವುದಿಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58,000 ಜೀವ. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅಂದರೆ ಬಿತ್ತನೆ ಮತ್ತು ಕಳೆ ತೆಗೆಯುವ ದಿನಗಳಲ್ಲಿ. 2011ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಅಧ್ಯಯನದ ಪ್ರಕಾರ ಇಂಥ 100 ಸಾವುಗಳಲ್ಲಿ 97 ಹಳ್ಳಿಗಳಲ್ಲೇ ಆಗುತ್ತವೆ, 77 ಆಸ್ಪತ್ರೆಯ ಹೊರಗೆ ಆಗುತ್ತವೆ. ಮದ್ದು ಇಲ್ಲದ ರೋಗಕ್ಕೆ ಸತ್ತವರಲ್ಲ ಇವರು. ಮದ್ದು ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಅದು ಇರುವ ಜಾಗಕ್ಕೆ ಇವರು ಹೊತ್ತಿಗೆ ಮುಟ್ಟಲಿಲ್ಲ.

ಕಲಬುರಗಿ, ಯಾದಗಿರಿ ಕಡೆಯ ಎರಿ ಭೂಮಿ ಮಳೆ ನಿಂತು ಒಣಗಿತೆಂದರೆ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಆ ಬಿರುಕಿನಲ್ಲಿ ಇಲಿ, ಇಲಿಯ ಹಿಂದೆ ಹಾವು. ತೊಗರಿ ಅಕ್ಟೋಬರ್ ಹೊತ್ತಿಗೆ ಸಾಲು ಮುಚ್ಚಿಕೊಂಡು ಎದೆಯೆತ್ತರಕ್ಕೆ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಕುಡುಗೋಲು ಹಿಡಿದು ಬುಡಕ್ಕೆ ಕೈ ಹಾಕಿ ಕೊಯ್ಯುವಾಗ ಕೈ ಎಲ್ಲಿ ಹೋಗುತ್ತಿದೆ ಎಂಬುದೇ ಕಾಣುವುದಿಲ್ಲ. ಅಫಜಲಪುರ, ಆಳಂದ ಕಡೆ ಕಬ್ಬಿಗೆ ನೀರು ಬಿಡಬೇಕಾದರೆ ಮೂರು ಫೇಸ್ ಕರೆಂಟ್ ಬಂದಾಗಲೇ ಬಿಡಬೇಕು. ಅದು ರಾತ್ರಿ ಪಾಳಿಯಲ್ಲಿ ಬಂದರೆ ರೈತ ಬರಿಗಾಲಲ್ಲಿ, ಮೊಬೈಲ್ ಬೆಳಕಲ್ಲಿ ಬದುವಿನ ಮೇಲೆ ನಡೆಯುತ್ತಾನೆ. ಶಹಾಬಾದ್, ಚಿತ್ತಾಪುರದ ಪರಸಿ ಕಲ್ಲಿನ ಗಣಿಗಳಲ್ಲಿ ಕಲ್ಲು ಎತ್ತುವವರ ಕೈಗೆ ಕಚ್ಚುತ್ತದೆ. ಇವರಲ್ಲಿ ಯಾರ ಕಾಲಲ್ಲೂ ಬೂಟು ಇರುವುದಿಲ್ಲ. ಹಾವು ಕಡಿತ ಕೂಲಿಕಾರರ ರೋಗ ಎಂದು ನಾನು ಹೇಳುವುದು ಇದಕ್ಕೇ.

ನಮ್ಮಲ್ಲಿ ಜೀವ ತೆಗೆಯುವ ಹಾವುಗಳು ಮುಖ್ಯವಾಗಿ ನಾಲ್ಕು. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರಗಳಿಗೆ ಹೋಗಿ ಉಸಿರು ನಿಲ್ಲಿಸುತ್ತದೆ. ಕೊಳಕುಮಂಡಲ ಮತ್ತು ಗರಗಸಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ವಸಡಿನಲ್ಲಿ ರಕ್ತ ಒಸರುತ್ತದೆ, ಮೂತ್ರ ಕೆಂಪಾಗುತ್ತದೆ, ಕೊಳಕುಮಂಡಲವಾದರೆ ಕಿಡ್ನಿಯೂ ಕೆಡುತ್ತದೆ. ನಾಲ್ಕಕ್ಕೂ ಒಂದೇ ಚುಚ್ಚುಮದ್ದು ಇರುವುದರಿಂದ ಯಾವ ಹಾವು ಎಂದು ಹುಡುಕಿ, ಹೊಡೆದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರುವ ಅಗತ್ಯವೇ ಇಲ್ಲ. ಹುಡುಕುತ್ತಾ ಅರ್ಧ ತಾಸು ಹೋಗುತ್ತದೆ, ಇನ್ನೊಬ್ಬರಿಗೆ ಕಚ್ಚುವ ಅಪಾಯ ಬೇರೆ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಇವುಗಳಲ್ಲಿ ನನಗೆ ಹೆಚ್ಚು ಭಯ ಕಟ್ಟುಹಾವಿನದು. ಅದು ರಾತ್ರಿ ಮನೆಯೊಳಗೆ ಬರುತ್ತದೆ, ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವು ಇರುವುದಿಲ್ಲ, ಬಾವು ಬರುವುದಿಲ್ಲ, ಹಲ್ಲಿನ ಗುರುತು ಕೂಡ ಎಷ್ಟೋ ಸಲ ಕಾಣುವುದಿಲ್ಲ. ಒಮ್ಮೆ ನಸುಕಿನಲ್ಲಿ ನಮ್ಮ ಆಸ್ಪತ್ರೆಗೆ ಒಬ್ಬ ಹೆಣ್ಣುಮಗಳನ್ನು ಕರೆತಂದಿದ್ದರು. ನಡುರಾತ್ರಿ ಎದ್ದು "ಹೊಟ್ಟಿ ನೋಯ್ಲತ್ತದ" ಅಂದಿದ್ದಾಳೆ. ಮನೆಯವರು ಓಂಕಾಳು ಕೊಟ್ಟಿದ್ದಾರೆ, ಗ್ಯಾಸಿನ ಗುಳಿಗೆ ಕೊಟ್ಟಿದ್ದಾರೆ. ನಮ್ಮ ಮುಂದೆ ಕೂತಾಗ ಎರಡೂ ರೆಪ್ಪೆ ಅರ್ಧ ಇಳಿದಿದ್ದವು, ಮೇಲೆ ನೋಡಮ್ಮ ಎಂದರೆ ಹಣೆ ಗಂಟಿಕ್ಕುತ್ತಿದ್ದಳೇ ಹೊರತು ರೆಪ್ಪೆ ಏಳುತ್ತಿರಲಿಲ್ಲ. ಮಾತು ಮೂಗಿನಲ್ಲಿ ಬರುತ್ತಿತ್ತು. "ಏನೂ ಕಚ್ಚಿಲ್ರೀ ಸಾಹೇಬ್ರ, ನಿದ್ದಿ ಆಗಿಲ್ಲ ಅಕಿಗಿ" ಎಂದು ಗಂಡ ಹೇಳುತ್ತಲೇ ಇದ್ದ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ನಸುಕಿನಲ್ಲಿ ಹೊಟ್ಟೆನೋವು, ಗಂಟಲು ಕಟ್ಟಿದಂತಾಗುವುದು, ರೆಪ್ಪೆ ಇಳಿಯುವುದು ಕಂಡರೆ ಬೇರೆ ಸಾಕ್ಷಿ ಕೇಳುತ್ತಾ ಕೂರಬಾರದು. ಅದು ಕಟ್ಟುಹಾವು ಎಂದೇ ತಿಳಿದು ಚಿಕಿತ್ಸೆ ಶುರು ಮಾಡಬೇಕು.

ಇಂಥ ರೋಗಿಯ ಮೈಯೆಲ್ಲ ಬಿದ್ದುಹೋಗುತ್ತದೆ, ಕಣ್ಣಿನ ಪಾಪೆ ಹಿಗ್ಗಿ ಹಾಗೇ ನಿಲ್ಲುತ್ತದೆ, ಚಿವುಟಿದರೂ ಕೈ ಅಲುಗುವುದಿಲ್ಲ. ಸತ್ತರು ಎಂದು ಮನೆಯವರು ಅಳಲು ಶುರು ಮಾಡುತ್ತಾರೆ. ಆದರೆ ಮಿದುಳು ಎಚ್ಚರವಾಗಿಯೇ ಇರಬಹುದು, ಸುತ್ತಲಿನ ಮಾತು ಕೇಳುತ್ತಿರಬಹುದು. ಕೃತಕ ಉಸಿರು ಕೊಟ್ಟು ಕೆಲವು ದಿನ ಕಾದರೆ ಇವರು ಎದ್ದು ನಡೆದು ಮನೆಗೆ ಹೋಗುತ್ತಾರೆ. ಆದ್ದರಿಂದ ಉಸಿರಿನ ಯಂತ್ರ ತೆಗೆಸಿ ಊರಿಗೆ ಕರೆದೊಯ್ಯುತ್ತೇವೆ ಎಂದು ಮನೆಯವರು ಕೇಳಿದಾಗ ನಾನು ಕೈ ಮುಗಿದು ತಡೆಯುತ್ತೇನೆ.

ಇನ್ನು ಹತ್ತು ವೈಲಿನ ಮಾತು. ಒಂದು ಕೊಳಕುಮಂಡಲ ಒಮ್ಮೆ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. ನಮ್ಮಲ್ಲಿ ಸಿಗುವ 10 ಮಿಲಿಲೀಟರಿನ ಒಂದು ವೈಲು ಸುಮಾರು 6 ಮಿಲಿಗ್ರಾಂ ವಿಷವನ್ನು ಕಟ್ಟಿಹಾಕುತ್ತದೆ. ಹಾಗಾಗಿ ವಿಷ ಏರಿದ ಲಕ್ಷಣ ಕಂಡ ಕೂಡಲೇ ಹತ್ತು ವೈಲನ್ನು ಸಲೈನಿನಲ್ಲಿ ಬೆರೆಸಿ ಒಂದು ತಾಸಿನೊಳಗೆ ರಕ್ತನಾಳಕ್ಕೆ ಬಿಡಬೇಕು. ಐದು ವರ್ಷದ ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ, ಏಕೆಂದರೆ ಮಗು ಎಂದು ಹಾವು ಕಡಿಮೆ ವಿಷ ಬಿಡುವುದಿಲ್ಲ. "ಸಣ್ಣ ಪೋರಿ ಅದ, ಎರಡು ಸಾಕು" ಎಂದು ಎರಡು ವೈಲು ಹಾಕಿ ಕಳಿಸಿದ ಚೀಟಿಗಳನ್ನು ನೋಡಿದಾಗ ಸಂಕಟವಾಗುತ್ತದೆ.

ರಕ್ತಕ್ಕೆ ವಿಷ ಏರಿದೆಯೇ ಎಂದು ತಿಳಿಯಲು ದೊಡ್ಡ ಲ್ಯಾಬ್ ಬೇಡ. ತೊಳೆದು ಒಣಗಿಸಿದ್ದಲ್ಲ, ಹೊಸದಾದ ಒಣ ಗಾಜಿನ ನಳಿಕೆ ಬೇಕು. ಅದರಲ್ಲಿ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ನಿಲ್ಲಿಸಿ ಒಮ್ಮೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಹತ್ತು ವೈಲು ಆಗಲೇ ಶುರು. ಆರು ತಾಸಿನ ನಂತರ ಮತ್ತೆ ಅದೇ ಪರೀಕ್ಷೆ, ಇನ್ನೂ ಹರಿಯುತ್ತಿದ್ದರೆ ಮತ್ತಷ್ಟು ಮದ್ದು. ಪ್ಲಾಸ್ಟಿಕ್ ನಳಿಕೆಯಲ್ಲಿ ಈ ಪರೀಕ್ಷೆ ತಪ್ಪುತ್ತದೆ. ಕೆಲವು ರೂಪಾಯಿಯ ಗಾಜಿನ ನಳಿಕೆ ಇಲ್ಲವೆಂದು ಪರೀಕ್ಷೆ ನಿಲ್ಲಬಾರದು.

ಹಾಗಿದ್ದರೆ ತಾಲೂಕಿನಲ್ಲೇ ಮದ್ದು ಹಾಕದೆ ಕಲಬುರಗಿಗೆ ಯಾಕೆ ಕಳಿಸುತ್ತಾರೆ? ಭಯ. ಈ ಮದ್ದು ಕುದುರೆಯ ರಕ್ತದಿಂದ ತಯಾರಾಗುವುದು, ಕೆಲವರಿಗೆ ಒಗ್ಗುವುದಿಲ್ಲ. ಮೈ ತುರಿಸುತ್ತದೆ, ದದ್ದು ಏಳುತ್ತದೆ, ಕೆಲವರಿಗೆ ಬಿಪಿ ಕುಸಿದು ಉಸಿರು ಕಟ್ಟುತ್ತದೆ. ಒಬ್ಬರೇ ಡ್ಯೂಟಿ ಡಾಕ್ಟರು, ಹೊರಗೆ ನೂರು ಜನ ಊರವರು. ಏನಾದರೂ ಆದರೆ ಹೊಡೆತ ತಮಗೆ ಎಂಬ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೂ ಮದ್ದಿದೆ: ಅಡ್ರಿನಲಿನ್, ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ. ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿಟ್ಟುಕೊಂಡು ಡ್ರಿಪ್ ಶುರು ಮಾಡಿದರೆ ಒಗ್ಗದವರನ್ನೂ ಬಹುಮಟ್ಟಿಗೆ ನಿಭಾಯಿಸಬಹುದು. ಚಿಂಚೋಳಿಯಿಂದ ಕಲಬುರಗಿಗೆ 80 ಕಿಲೋಮೀಟರ್ ಮೇಲೆ. ಬರಿಗೈಯಲ್ಲಿ ಆಂಬುಲೆನ್ಸ್ ಹತ್ತಿಸಿದ ರೋಗಿಗೆ ಆ ದಾರಿಯುದ್ದಕ್ಕೂ ವಿಷ ಏರುತ್ತಲೇ ಇರುತ್ತದೆ. ಡ್ರಿಪ್ ಹರಿಯುತ್ತಾ ಹೊರಟವರಿಗೆ ಅದೇ ಹೊತ್ತು ಚಿಕಿತ್ಸೆಯ ಹೊತ್ತು. ವೆಂಟಿಲೇಟರ್, ಡಯಾಲಿಸಿಸ್ ಬೇಕಾದರೆ ಕಳಿಸಲೇಬೇಕು. ಆದರೆ ಮೊದಲ ಹತ್ತು ವೈಲು ಶುರು ಮಾಡಿ ಕಳಿಸಬೇಕು ಎಂಬುದು ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಲ್ಲೇ ಇದೆ. ಮನೆಯವರೂ ಇದನ್ನು ತಿಳಿದಿರಬೇಕು. "ಸಾಹೇಬ್ರ, ಇಲ್ಲೇ ಸೂಜಿ ಹಚ್ಚಿ ಆಮ್ಯಾಲ ಕಳಸ್ರಿ, ನಾವು ನಿಮ್ಮ ಜೊತಿಗಿ ಅದೀವಿ" ಎಂದು ಊರ ಹಿರಿಯರೊಬ್ಬರು ನಿಂತು ಹೇಳಿದರೆ ಆ ಡಾಕ್ಟರಿಗೆ ಬರುವ ಧೈರ್ಯವೇ ಬೇರೆ.

ಗುಡಿಗೆ ಹೋಗುವವರನ್ನು ನಾನು ಬೈಯುವುದಿಲ್ಲ. ಎಷ್ಟೋ ಹಾವುಗಳಲ್ಲಿ ವಿಷವೇ ಇರುವುದಿಲ್ಲ, ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಗುಡಿಯಲ್ಲಿ ಬೇವಿನ ಸೊಪ್ಪು ತಿಂದು, ಕಹಿ ಹತ್ತಿತು, ಅಂದರೆ ವಿಷ ಏರಿಲ್ಲ ಎಂದು ಎದ್ದು ಮನೆಗೆ ಹೋಗುತ್ತಾರೆ, ಊರಿಗೆ ನಂಬಿಕೆ ಬಲಿಯುತ್ತದೆ. ಕಟ್ಟುಹಾವು ಕಚ್ಚಿದವರಿಗೂ ಮೊದಮೊದಲು ಬೇವು ಕಹಿಯೇ ಹತ್ತುತ್ತದೆ, ಮೆಣಸಿನಕಾಯಿ ಖಾರವೇ ಹತ್ತುತ್ತದೆ. ಹರಕೆ ಹೊರಬೇಡಿ ಎಂದು ನಾನು ಹೇಳಲಾರೆ, ಗಾಡಿಯಲ್ಲಿ ಕೂತು ಆಸ್ಪತ್ರೆಯ ದಾರಿಯಲ್ಲೇ ಹೊತ್ತುಕೊಳ್ಳಿ. ಗುಣವಾಗಿ ಬಂದ ಮೇಲೆ ಕಾಯಿ ಒಡೆಸಿ.

ಕಚ್ಚಿದ ಕೂಡಲೇ ಮಾಡಬೇಕಾದ್ದು ಸ್ವಲ್ಪವೇ. ಉಂಗುರ, ಬಳೆ, ಕಾಲುಂಗುರ, ಕಾಲಿನ ಕಡಗ ಬಾವು ಬರುವ ಮೊದಲೇ ತೆಗೆಯಬೇಕು. ಕಚ್ಚಿದ ಕೈಕಾಲನ್ನು ಮುರಿದ ಎಲುಬಿಗೆ ಕಟ್ಟುವಂತೆ ಒಂದು ಕಟ್ಟಿಗೆ ಇಟ್ಟು ಸಡಿಲವಾಗಿ ಬಟ್ಟೆ ಸುತ್ತಿ ಅಲುಗದಂತೆ ನೋಡಿಕೊಳ್ಳಬೇಕು. ನಡೆಸಬಾರದು, ಹೊತ್ತುಕೊಂಡು ಹೋಗಬೇಕು. 108 ಬರುವುದು ತಡ ಎನಿಸಿದರೆ ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಹೊರಡಿ. ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು, ಸುಣ್ಣ ಹಚ್ಚುವುದು ಯಾವುದೂ ಬೇಡ. ಸೆಣಬಿನ ಹಗ್ಗದಿಂದ ಬಿಗಿದ ಕಾಲು ಕಪ್ಪಾಗಿ ಬಂದದ್ದನ್ನು ನಾವು ನೋಡುತ್ತಲೇ ಇರುತ್ತೇವೆ. ಒಂದು ವೇಳೆ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ನಿಂತ ವಿಷ ಒಮ್ಮೆಲೇ ಏರಬಹುದು. ಆಸ್ಪತ್ರೆಯಲ್ಲಿ ಸೂಜಿ ಹಚ್ಚಿಕೊಂಡು ಬಿಚ್ಚುತ್ತಾರೆ.

ದುಡ್ಡಿನ ಮಾತು ಬರೆಯದೆ ಈ ವಿಷಯ ಮುಗಿಯುವುದಿಲ್ಲ. ಗಾಬರಿಯಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿಸಿ ವೆಂಟಿಲೇಟರ್ ಹತ್ತಿಸಿದ ಮನೆಯವರು ಎತ್ತು ಮಾರುತ್ತಾರೆ, ಗಂಜ್ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ಬರುವ ತೊಗರಿಯ ಮೇಲೆ ಸಾಲ ಎತ್ತುತ್ತಾರೆ. ಬದುಕಿ ಬಂದವನು ಎರಡು ಹಂಗಾಮು ಆ ಸಾಲಕ್ಕೇ ದುಡಿಯುತ್ತಾನೆ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಕಾರ್ಡ್ ಪೆಟ್ಟಿಗೆಯಲ್ಲಿ ಇರದೆ ರೋಗಿಯ ಜೊತೆ ಬರಬೇಕು. ರೈತರು, ಕೃಷಿ ಕೂಲಿಕಾರರು ಹಾವು ಕಚ್ಚಿ ಸತ್ತರೆ ಕೃಷಿ ಇಲಾಖೆಯಿಂದ 2 ಲಕ್ಷ ರೂಪಾಯಿ ಪರಿಹಾರ ಇದೆ. ಅದಕ್ಕೆ ಪೊಲೀಸ್ ವರದಿ, ಮರಣೋತ್ತರ ಪರೀಕ್ಷೆ ಬೇಕು. ದುಃಖದಲ್ಲಿ ಬೆಳಗಾಗುವುದರೊಳಗೆ ಮಣ್ಣು ಮಾಡಿಬಿಟ್ಟ ಮನೆಗೆ ಆಮೇಲೆ ಯಾವ ದಾರಿಯೂ ಇರುವುದಿಲ್ಲ. ಹೆಣ ಕೊಯ್ಯುವುದು ಬೇಡ ಎನ್ನುವ ತಾಯಂದಿರ ಸಂಕಟ ನನಗೆ ಗೊತ್ತು. ಆದರೂ ಉಳಿದ ಮಕ್ಕಳ ಮುಖ ನೋಡಿ ಹಿರಿಯರು ಆ ಹೊತ್ತಿನಲ್ಲಿ ಇದನ್ನು ಹೇಳಲೇಬೇಕು.

ಸಾವು ಲೆಕ್ಕಕ್ಕೆ ಬರದಿದ್ದರೆ ಮದ್ದೂ ಬರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ಇದಕ್ಕೆ ಸೇರುತ್ತವೆ. ಯಾವ ತಾಲೂಕಿನಲ್ಲಿ ಯಾವ ತಿಂಗಳು ಎಷ್ಟು ಕಡಿತ ಎಂಬುದು ಗೊತ್ತಾದರೆ ತೊಗರಿ ಕೊಯ್ಲಿಗೆ ಮುಂಚೆಯೇ ವೈಲು ತರಿಸಿಡಬಹುದು. ಅದೇ ವರ್ಷ ಮಾರ್ಚ್‌ನಲ್ಲಿ ಬಂದ ಕೇಂದ್ರದ ಕ್ರಿಯಾ ಯೋಜನೆ 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕೆ ಇಳಿಸುವ ಗುರಿ ಇಟ್ಟುಕೊಂಡಿದೆ.

ಮನೆಯಲ್ಲಿ ಹೊರಸು ಇದ್ದರೆ ಅದರ ಮೇಲೆ ಮಲಗಿ. ಇಲ್ಲವೆಂದರೆ ನೆಲದ ಮೇಲೇ ಸೊಳ್ಳೆ ಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಒತ್ತಿಬಿಡಿ, ಕಟ್ಟುಹಾವಿಗೆ ಅಷ್ಟೇ ದೊಡ್ಡ ತಡೆ. ಕುಳ್ಳು, ಕಟ್ಟಿಗೆಯ ರಾಶಿ ಗೋಡೆಗೆ ಒತ್ತಿ ಇರದಿರಲಿ. ತೊಗರಿ ಕೊಯ್ಯಲು ಕೂಲಿ ಕರೆಯುವ ಹೊಲದವರು ಕೈಗವಸು, ಗಮ್‌ಬೂಟು ಕೊಡಿಸಿ, ಒಂದು ಚೀಲ ತೊಗರಿಯ ಬೆಲೆಯಲ್ಲಿ ಎಷ್ಟೋ ಜೊತೆ ಬರುತ್ತವೆ. ಮುಂದಿನ ಗ್ರಾಮ ಸಭೆಯಲ್ಲಿ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕರೆಸಿ ನಾಲ್ಕು ಮಾತು ಕೇಳಿ: ಹಾವಿನ ಮದ್ದು ಇವತ್ತು ಎಷ್ಟು ವೈಲು ಇದೆ, ಅದರ ಅವಧಿ ಯಾವಾಗ ಮುಗಿಯುತ್ತದೆ, ಅಡ್ರಿನಲಿನ್ ಮತ್ತು ಗಾಜಿನ ನಳಿಕೆ ಇವೆಯೇ, ರಾತ್ರಿ ಹತ್ತರ ನಂತರ ಬಂದರೆ ಅದನ್ನು ಹಾಕುವವರು ಯಾರು? ಉತ್ತರಗಳನ್ನು ಸಭೆಯ ನಡಾವಳಿಯಲ್ಲಿ ಬರೆಸಿ.