ಶಾಲೆ ತೆರೆಯುವ ದಿನ, ಪಾಠ ಶುರುವಾಗುವ ದಿನ

ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಈಚಿನ ವರ್ಷಗಳಲ್ಲಿ ಬೇಸಿಗೆ ರಜೆ ಏಪ್ರಿಲ್ 11ಕ್ಕೆ ಆರಂಭವಾಗಿ ಮೇ 28ಕ್ಕೆ ಮುಗಿಯುತ್ತದೆ. ಮೇ 29ರಂದು ಶಿಕ್ಷಕರು ಬಂದು ಕೊಠಡಿಗಳ ಬೀಗ ತೆಗೆಸಿ, ನೀರಿನ ತೊಟ್ಟಿ ತೊಳೆಸಿ, ಅಡುಗೆ ಕೋಣೆಯಲ್ಲಿ ಉಳಿದ ಅಕ್ಕಿ ಬೇಳೆ ಹುಳು ಹಿಡಿದಿದೆಯೇ ಎಂದು ನೋಡಿ, ಒಂದೆರಡು ದಿನಗಳಲ್ಲಿ ತಳಿರು ತೋರಣ ಕಟ್ಟಿ ಪ್ರಾರಂಭೋತ್ಸವ ಮಾಡುತ್ತಾರೆ. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ದಿನಾಂಕ ಒಂದೇ. ಇಷ್ಟು ದೊಡ್ಡ ರಾಜ್ಯಕ್ಕೆ ಒಂದೇ ದಿನಾಂಕ ಏಕಿರಬೇಕು ಎಂಬ ಪ್ರಶ್ನೆ ಪ್ರತಿ ಮೇ ತಿಂಗಳಲ್ಲಿ ಏಳುತ್ತದೆ. ಜೂನ್ ಮುಗಿಯುವ ಹೊತ್ತಿಗೆ ತಣ್ಣಗಾಗುತ್ತದೆ. ಶಿಕ್ಷಣ ಇಲಾಖೆಯಲ್ಲಿ ಶಾಲೆಗಳ ತಪಾಸಣೆಯ ಹೊಣೆ ಹೊತ್ತು ಕಲ್ಯಾಣ ಕರ್ನಾಟಕದಲ್ಲಿಯೂ ಕರಾವಳಿಯಲ್ಲಿಯೂ ಕೆಲಸ ಮಾಡಿದವನಾಗಿ, ಈ ಪ್ರಶ್ನೆಗೆ ಎರಡೂ ಕಡೆ ಒಂದೇ ಉತ್ತರ ಸಲ್ಲದು ಎಂದು ನಾನು ತಿಳಿದಿದ್ದೇನೆ.

ಕಲ್ಯಾಣ ಕರ್ನಾಟಕದಿಂದಲೇ ಆರಂಭಿಸೋಣ, ಏಕೆಂದರೆ ದಿನಾಂಕದ ತೊಡಕು ನಿಜವಾಗಿ ಇರುವುದು ಅಲ್ಲಿ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳಲ್ಲಿ ಮೇ ತಿಂಗಳ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದಲ್ಲ, ಮತ್ತು ಮುಂಗಾರು ಆ ಭಾಗವನ್ನು ಸರಿಯಾಗಿ ಆವರಿಸುವವರೆಗೆ ಜೂನ್ ಮೊದಲ ವಾರವೂ ಮೇ ತಿಂಗಳಂತೆಯೇ ಇರುತ್ತದೆ. ತಗಡಿನ ಚಾವಣಿಯ ಕೊಠಡಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಐವತ್ತು ಮಕ್ಕಳ ನಡುವೆ ನಿಂತು ಗಣಿತ ಹೇಳಿಕೊಡಲು ಪ್ರಯತ್ನಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಬಿಸಿಲು ಕಾರಣದ ಅರ್ಧ ಭಾಗ ಮಾತ್ರ. ಇನ್ನರ್ಧ ಗುಳೆ.

ಸುಗ್ಗಿ ಮುಗಿದ ಮೇಲೆ ಈ ಜಿಲ್ಲೆಗಳ ಸಾವಿರಾರು ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಬೆಂಗಳೂರು, ಪುಣೆ, ಮುಂಬಯಿಗೆ ಹೋಗುತ್ತವೆ. ಅವರು ಮರಳುವುದು ಇಲಾಖೆಯ ಸುತ್ತೋಲೆ ನೋಡಿ ಅಲ್ಲ, ಮಳೆ ನೋಡಿ. ರೋಹಿಣಿ ಮಳೆ ಮೇ 25ರ ಸುಮಾರಿಗೆ, ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ ಜೂನ್ 22ರ ಸುಮಾರಿಗೆ ಹುಟ್ಟುತ್ತವೆ. ಹೊಲ ಇರುವವರು ಬಿತ್ತನೆಗೆ ಹದ ಬಂತೆಂಬ ಸುದ್ದಿ ತಿಳಿದ ಮೇಲೆ ಊರ ಬಸ್ಸು ಹಿಡಿಯುತ್ತಾರೆ, ಕಾರಹುಣ್ಣಿಮೆಗಾದರೂ ಊರಲ್ಲಿರಬೇಕು ಎನ್ನುವವರು ಅದಕ್ಕೆ ಒಂದೆರಡು ದಿನ ಮುಂಚೆ ಬರುತ್ತಾರೆ. ಹೊಲವಿಲ್ಲದವರಿಗೆ ಅಷ್ಟು ಅವಸರವೂ ಇಲ್ಲ. ಸುರಪುರ ತಾಲ್ಲೂಕಿನ ಒಂದು ಶಾಲೆಯಲ್ಲಿ ಮುಖ್ಯಶಿಕ್ಷಕರು ದೀರ್ಘ ಗೈರುಹಾಜರಿಯ ಮಕ್ಕಳ ಮನೆಯವರಿಗೆ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ. ಬೆಂಗಳೂರಿನ ಯಾವುದೋ ಕಟ್ಟಡದ ಬುಡದಿಂದ ಒಬ್ಬ ತಾಯಿ ಉತ್ತರಿಸಿದ್ದು ಹೀಗೆ: “ಮೇಸ್ತ್ರಿ ಇನ್ನಾ ಲೆಕ್ಕಾ ಮಾಡಿಲ್ರಿ ಸರ, ಮಳಿ ಹಿಡದ ಮ್ಯಾಲ ಬರ್ತೀವ್ರಿ.” ಮುಂಗಡ ಪಡೆದು ಹೋದವರಿಗೆ ಲೆಕ್ಕ ಚುಕ್ತಾ ಆಗದೆ ಬಿಡುಗಡೆ ಇಲ್ಲ. ಆಕೆಯ ಇಬ್ಬರು ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತು, ಹೊಸ ಪಠ್ಯಪುಸ್ತಕದ ಕಟ್ಟು ಕೂಡ ಅವರ ಹೆಸರಿಗೆ ಬಂದಿತ್ತು.

ಇಂಥ ಶಾಲೆಯಲ್ಲಿ ಜೂನ್ ಮೊದಲ ಪಕ್ಷದಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಇಲಾಖೆಯ ಮಾರ್ಗಸೂಚಿಯ ಪ್ರಕಾರ ಅದು ಸೇತುಬಂಧದ ಸಮಯ. ಹಿಂದಿನ ತರಗತಿಯಲ್ಲಿ ಕಲಿತದ್ದು ಎಷ್ಟು ಉಳಿದಿದೆ ಎಂದು ಪೂರ್ವ ಪರೀಕ್ಷೆ ಮಾಡಿ, ಕೊರತೆ ಇರುವಲ್ಲಿ ಮತ್ತೆ ಕಲಿಸಿ, ಸಾಫಲ್ಯ ಪರೀಕ್ಷೆ ನಡೆಸಿ, ಆಮೇಲೆ ಹೊಸ ಪಾಠಕ್ಕೆ ಹೋಗಬೇಕು. ಕಲ್ಪನೆ ಒಳ್ಳೆಯದು. ಆದರೆ ಅದು ಯಾರಿಗಾಗಿ ಇದೆಯೋ ಆ ಮಕ್ಕಳೇ ಆ ದಿನಗಳಲ್ಲಿ ಊರಲ್ಲಿರುವುದಿಲ್ಲ. ಬಂದಿರುವ ಮಕ್ಕಳು ಹೆಚ್ಚಾಗಿ ಊರಲ್ಲೇ ನೆಲೆಸಿದ ಮನೆಗಳವರು, ಓದು ಮರೆಯದವರು. ಅವರಿಗೆ ಸೇತುಬಂಧ ಬೇಸರ ತರಿಸುತ್ತದೆ. ಗುಳೆ ಹೋದ ಮಗು ಜೂನ್ ಮೂರನೆಯ ವಾರ ಬಂದು ಕೂರುವಾಗ ಸೇತುಬಂಧದ ದಾಖಲೆಗಳು ಮುಚ್ಚಿ, ಹೊಸ ಪುಸ್ತಕದ ಎರಡನೆಯ ಪಾಠ ನಡೆಯುತ್ತಿರುತ್ತದೆ. ಆ ಮಗು ಅಲ್ಲಿಂದ ಹಿಂದೆ ಬಿದ್ದರೆ ವರ್ಷವಿಡೀ ಹಿಂದೆಯೇ.

ತಪಾಸಣೆಗೆ ಹೋದಾಗ ನಾನು ಹಾಜರಿ ಪುಸ್ತಕಕ್ಕಿಂತ ಮೊದಲು ಅಕ್ಷರ ದಾಸೋಹದ ವಹಿ ತೆಗೆಸುತ್ತಿದ್ದೆ. ಒಂದರಿಂದ ಐದನೆಯ ತರಗತಿಯ ಮಗುವಿಗೆ 100 ಗ್ರಾಂ, ಆರರಿಂದ ಮೇಲಿನವರಿಗೆ 150 ಗ್ರಾಂ ಅಕ್ಕಿಯ ಲೆಕ್ಕದಲ್ಲಿ ದಿನವೂ ಅಳೆಯಬೇಕಾದ್ದರಿಂದ, ಎಷ್ಟು ಜನಕ್ಕೆ ಬೇಯಿಸಬೇಕೆಂದು ಅಡುಗೆಯವರು ಬೆಳಿಗ್ಗೆಯೇ ತರಗತಿ ತರಗತಿಗೆ ಬಂದು ತಲೆ ಎಣಿಸುತ್ತಾರೆ. ಆ ಎಣಿಕೆಯಲ್ಲಿ ದಾಕ್ಷಿಣ್ಯಕ್ಕೆ ಜಾಗ ಕಡಿಮೆ. ಜೂನ್ ತಿಂಗಳ ಪುಟದಲ್ಲಿ ಊಟದವರ ಸಂಖ್ಯೆ ಮೆಲ್ಲಗೆ ಏರುತ್ತಾ ಹೋಗಿ ಒಂದು ಮಟ್ಟಕ್ಕೆ ಬಂದು ನಿಲ್ಲುವ ದಿನವೇ ಆ ಊರಿನ ನಿಜವಾದ ಶಾಲಾ ಪ್ರಾರಂಭ. ಕರಾವಳಿಯ ಶಾಲೆಗಳಲ್ಲಿ ಅದು ಮೊದಲ ವಾರದಲ್ಲೇ ಬರುತ್ತದೆ. ಗುಳೆಯ ಊರುಗಳಲ್ಲಿ ಮೃಗಶಿರಾ ಕಳೆಯುವ ಹೊತ್ತಿಗೆ.

ಹಾಗಾದರೆ ಆ ಜಿಲ್ಲೆಗಳಲ್ಲಿ ಶಾಲೆಯನ್ನು ಜೂನ್ ಎರಡನೆಯ ವಾರದ ನಂತರ, ಸುಮಾರು 12ರಿಂದ 15ರೊಳಗೆ ತೆರೆಯಬಹುದೇ? ತೆರೆಯಬಹುದು, ತೆರೆಯಬೇಕು ಎಂಬುದು ನನ್ನ ಅಭಿಪ್ರಾಯ. ಒಂದೇ ರಾಜ್ಯದಲ್ಲಿ ಎರಡು ದಿನಾಂಕ ಇಟ್ಟುಕೊಂಡರೆ ಗೊಂದಲವಾಗುತ್ತದೆ ಎನ್ನುವವರು ನೆರೆಯ ಮಹಾರಾಷ್ಟ್ರವನ್ನು ನೋಡಬೇಕು. ಅಲ್ಲಿ ರಾಜ್ಯದ ಉಳಿದೆಡೆ ಶಾಲೆಗಳು ಜೂನ್ ನಡುವೆ ತೆರೆದರೆ, ಬಿಸಿಲು ಹೆಚ್ಚಿರುವ ವಿದರ್ಭದಲ್ಲಿ ಜೂನ್ ಕೊನೆಯ ಭಾಗದಲ್ಲಿ ತೆರೆಯುತ್ತವೆ. ಹತ್ತನೆಯ ತರಗತಿಯ ಪರೀಕ್ಷೆ ಇಬ್ಬರಿಗೂ ಒಂದೇ ಮಂಡಳಿಯದು. ತೆಲಂಗಾಣ ಮತ್ತು ಆಂಧ್ರದಲ್ಲಿ ಜೂನ್ 12 ರೂಢಿಯ ದಿನಾಂಕ; ರಾಯಚೂರಿನಿಂದ ಕೃಷ್ಣೆ ದಾಟಿದರೆ ಸಿಗುವ ಊರಿನ ಮಗು ಅದೇ ಬಿಸಿಲಲ್ಲಿ ಎರಡು ವಾರ ಹೆಚ್ಚು ಮನೆಯಲ್ಲಿರುತ್ತದೆ. ನಮ್ಮಲ್ಲಿಯೂ ಈ ತತ್ವ ಹೊಸದಲ್ಲ. ಕಲಬುರಗಿ ವಿಭಾಗದಲ್ಲಿ ಮತ್ತು ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳ ಸರ್ಕಾರಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಆದೇಶ ಪ್ರತಿ ಬೇಸಿಗೆಯಲ್ಲಿ ಹೊರಡುತ್ತದೆ. ಗುಮಾಸ್ತನಿಗೆ ಬಿಸಿಲು ತಾಗುತ್ತದೆ ಎಂದು ಒಪ್ಪಿದ ಸರ್ಕಾರಕ್ಕೆ ಮೂರನೆಯ ತರಗತಿಯ ಮಗುವಿನ ವಿಷಯದಲ್ಲಿ ಒಪ್ಪಲು ಕಷ್ಟವಾಗಬಾರದು. ಕಲಬುರಗಿಯಲ್ಲಿ ಸಾರ್ವಜನಿಕ ಶಿಕ್ಷಣದ ಅಪರ ಆಯುಕ್ತರ ಕಚೇರಿಯೇ ಇರುವುದರಿಂದ, ಪ್ರತ್ಯೇಕ ವೇಳಾಪಟ್ಟಿ ಹೊರಡಿಸಲು ಹೊಸ ವ್ಯವಸ್ಥೆಯೂ ಬೇಕಾಗಿಲ್ಲ.

ದಿನಗಳ ಲೆಕ್ಕಕ್ಕೆ ಬರೋಣ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಮತ್ತು 800 ಗಂಟೆ, ಆರರಿಂದ ಎಂಟಕ್ಕೆ 220 ದಿನ ಮತ್ತು 1000 ಗಂಟೆ ಬೋಧನೆ ನಡೆಯಬೇಕೆಂದು ಹೇಳುತ್ತದೆ. ಎರಡು ವಾರ ತಡವಾಗಿ ತೆರೆದರೆ ಕಳೆದುಕೊಳ್ಳುವುದು ಹನ್ನೆರಡು ಹದಿಮೂರು ಕೆಲಸದ ದಿನಗಳು. ಅವನ್ನು ಏಪ್ರಿಲ್‌ನಿಂದ ಕಿತ್ತುಕೊಳ್ಳಬಾರದು, ಅದು ಬಾಣಲೆಯಿಂದ ಬೆಂಕಿಗೆ ಬಿದ್ದಂತೆ. ಅವುಗಳಲ್ಲಿ ಬಹುಪಾಲನ್ನು ದಸರಾ ರಜೆಯಿಂದ ತೆಗೆದುಕೊಳ್ಳಬೇಕು. 2025ರಲ್ಲಿ ಮೊದಲು ಪ್ರಕಟವಾದ ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ, ಅಂದರೆ 18 ದಿನ ಇತ್ತು. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಅದು ಮತ್ತೆ ಮುಂದಕ್ಕೆ ಹೋದದ್ದು ಬೇರೆ ಮಾತು. ಕಲ್ಯಾಣ ಕರ್ನಾಟಕದಲ್ಲಿ ಬನ್ನಿ ಹಬ್ಬದ ಸುತ್ತಿನ ಒಂದು ವಾರ ಸಾಕು. ಇಲ್ಲಿ ಹೊರಗಿನವರಿಗೆ ಸುಲಭವಾಗಿ ಕಾಣದ ಒಂದು ಸಂಗತಿ ಇದೆ: ಅಕ್ಟೋಬರ್ ಎಂದರೆ ಆ ಭಾಗದಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗುವ ಕಾಲ. ಎಳೆಯ ಬೆರಳುಗಳಿಗೆ ಬೇಡಿಕೆ ಇರುವ ಆ ಹೊತ್ತಿನಲ್ಲಿಯೇ ಎರಡೂವರೆ ವಾರ ಶಾಲೆ ಮುಚ್ಚಿದರೆ, ಹೊಲಕ್ಕೆ ಹೋದ ಐದನೆಯ ಆರನೆಯ ತರಗತಿಯ ಹುಡುಗಿಯರು ಶಾಲೆ ತೆರೆದ ದಿನ ಮರಳುವುದಿಲ್ಲ; ಕೂಲಿ ಇರುವಷ್ಟು ದಿನ ಹೊಲದಲ್ಲೇ ಉಳಿಯುತ್ತಾರೆ. ಜೂನ್‌ನಲ್ಲಿ ಖಾಲಿ ಬೆಂಚುಗಳಿಗೆ ಪಾಠ ಮಾಡಿ, ಮಕ್ಕಳೆಲ್ಲ ಊರಲ್ಲಿರುವ ಅಕ್ಟೋಬರ್‌ನಲ್ಲಿ ಬಾಗಿಲು ಹಾಕುವ ಈಗಿನ ಕ್ರಮ ಆ ಜಿಲ್ಲೆಗಳ ಮಟ್ಟಿಗೆ ತಲೆಕೆಳಗು.

ಮಾರ್ಚ್‌ನಲ್ಲಿ ಪರೀಕ್ಷೆ ಬರೆಯುವ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಎರಡು ವಾರ ದೊಡ್ಡದು ಎಂಬ ಆಕ್ಷೇಪ ನ್ಯಾಯವಾದದ್ದು. ಒಂಬತ್ತು ಮತ್ತು ಹತ್ತನೆಯ ತರಗತಿಗಳನ್ನು ಈಗಿನಂತೆ ಮೇ ಕೊನೆಯಲ್ಲೇ ತೆರೆದು, ಮಳೆ ಹಿಡಿಯುವವರೆಗೆ ಬೆಳಗಿನ ಶಾಲೆ ನಡೆಸಿದರೆ ಅದಕ್ಕೆ ಪರಿಹಾರವಿದೆ. ಒಂದನೆಯ ತರಗತಿಗೆ ಸೇರುವ ವಯಸ್ಸನ್ನು ಜೂನ್ 1ಕ್ಕೆ ಲೆಕ್ಕ ಹಾಕುವ ನಿಯಮಕ್ಕೂ ಶಾಲೆ ತೆರೆಯುವ ದಿನಕ್ಕೂ ಸಂಬಂಧವಿಲ್ಲ, ಅದು ಹಾಗೆಯೇ ಇರಬಹುದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಊಟದ್ದು. ಶಾಲೆ ಎರಡು ವಾರ ತಡವಾದರೆ ಊರಲ್ಲೇ ಇರುವ ಬಡ ಮಗುವಿನ ಮಧ್ಯಾಹ್ನದ ಊಟ ಎರಡು ವಾರ ತಪ್ಪುತ್ತದೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿದೆ, 2024ರ ಬರದ ಬೇಸಿಗೆಯಲ್ಲಿ ನಮ್ಮ ರಾಜ್ಯ ಅದನ್ನು ಜಾರಿಯೂ ಮಾಡಿತು. ಶಾಲೆ ತೆರೆಯುವುದನ್ನು ಮುಂದೂಡುವ ಜಿಲ್ಲೆಗಳಲ್ಲಿ ಅದೇ ಮಾದರಿಯಲ್ಲಿ ಜೂನ್ 1ರಿಂದ ಅಡುಗೆ ಕೋಣೆ ತೆರೆದಿರಬೇಕು. ಇದನ್ನು ಬಿಟ್ಟು ದಿನಾಂಕವನ್ನು ಮಾತ್ರ ಮುಂದೂಡುವುದಾದರೆ ನಾನು ಅದನ್ನು ಬೆಂಬಲಿಸಲಾರೆ.

ಕರಾವಳಿ ಮತ್ತು ಮಲೆನಾಡಿನ ಕಥೆ ಬೇರೆ. ಅಲ್ಲಿ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕೊಡಗು ಜಿಲ್ಲೆಗಳಲ್ಲಿ ಜೂನ್, ಜುಲೈ ತಿಂಗಳ ಮಳೆ ರಜೆಗಳು ಸೇರಿ ಸೇರಿ ಮೊದಲ ಅವಧಿಯನ್ನು ಚಿಂದಿ ಮಾಡುತ್ತವೆ. 2025ರ ಜುಲೈ ಕೊನೆಗೆ ಕೇರಳದ ಶಿಕ್ಷಣ ಸಚಿವ ವಿ. ಶಿವನ್‌ಕುಟ್ಟಿಯವರು ಬೇಸಿಗೆ ರಜೆಯನ್ನು ಏಪ್ರಿಲ್, ಮೇ ತಿಂಗಳಿಂದ ಜೂನ್, ಜುಲೈಗೆ ಸರಿಸಬಹುದೇ ಎಂದು ಸಾರ್ವಜನಿಕ ಚರ್ಚೆಗೆ ಕರೆ ಕೊಟ್ಟಾಗ, ನಮ್ಮ ಕರಾವಳಿಯಲ್ಲಿಯೂ ಹಲವು ಪೋಷಕರು ತಲೆದೂಗಿದರು. ಅವರ ಆತಂಕ ಸುಳ್ಳಲ್ಲ. ಅಡಿಕೆ ಮರದ ದಿಮ್ಮಿ ಹಾಸಿದ ಕಾಲುಸಂಕ ದಾಟಿ ಶಾಲೆಗೆ ಬರುವ ಮಕ್ಕಳು ಇಂದಿಗೂ ಇದ್ದಾರೆ, ಮತ್ತು 2022ರ ಮಳೆಗಾಲದಲ್ಲಿ ಉಡುಪಿ ಜಿಲ್ಲೆಯಲ್ಲಿ ಹಾಗೆ ದಾಟುವಾಗ ಒಂದು ಮಗು ನೀರುಪಾಲಾದದ್ದನ್ನು ಯಾರೂ ಮರೆತಿಲ್ಲ. ಆದರೂ ದಿನಾಂಕ ಬದಲಿಸುವುದರಿಂದ ಕರಾವಳಿಗೆ ಹೆಚ್ಚು ದಕ್ಕುವುದಿಲ್ಲ ಎಂದೇ ನನಗೆ ಅನ್ನಿಸುತ್ತದೆ. ಮುಂಚಿತವಾಗಿ ತೆರೆದು ನೋಡಿದ್ದೇವೆ: ಕೋವಿಡ್‌ನಿಂದಾದ ನಷ್ಟ ತುಂಬಲೆಂದು 2022ರಲ್ಲಿ ಮೇ 16ಕ್ಕೇ ಶಾಲೆ ತೆರೆದಾಗ, ಅದೇ ವಾರ ಸುರಿದ ಮಳೆಗೆ ಕರಾವಳಿಯಲ್ಲಿ ರಜೆ ಕೊಡಬೇಕಾಯಿತು. ಅಲ್ಲದೆ ತುಳುನಾಡಿನಲ್ಲಿ ಪತ್ತನಾಜೆಯವರೆಗೆ, ಎಂದರೆ ಮೇ 24ರ ಸುಮಾರಿನವರೆಗೆ, ನೇಮ, ಜಾತ್ರೆ, ಯಕ್ಷಗಾನ, ಮದುವೆ ಎಂದು ಮನೆಮಂದಿ ತಿರುಗಾಟದಲ್ಲಿರುತ್ತಾರೆ. ಮಕ್ಕಳನ್ನು ಅದಕ್ಕೆ ಮೊದಲು ಶಾಲೆಯಲ್ಲಿ ಕೂರಿಸುವುದು ಕಷ್ಟ. ಇನ್ನು ಜುಲೈನಲ್ಲಿ ಹದಿನೈದು ದಿನ ಮಳೆ ರಜೆ ಎಂದು ಮೊದಲೇ ನಿಗದಿ ಮಾಡೋಣವೆಂದರೆ, ಮಳೆ ಆ ಹದಿನೈದು ದಿನಗಳಿಗೇ ಕಾದು ಕೂರುವುದಿಲ್ಲ. 2023ರಲ್ಲಿ ಜೂನ್ ಒಣಗಿ ಜುಲೈ ಸುರಿಯಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿ, ಶಾಲೆ ತೆರೆದ ವಾರವೇ ದಕ್ಷಿಣ ಕನ್ನಡದಲ್ಲಿ ರಜೆ ಸಾರಬೇಕಾಯಿತು.

ಕರಾವಳಿಗೆ ಬೇಕಿರುವುದು ಮೀಸಲು ದಿನಗಳು. ಈಗ ರಜೆ ಕೊಟ್ಟ ಮೇಲೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ಸರಿದೂಗಿಸಿ ಎಂಬ ಸೂಚನೆ ಬರುತ್ತದೆ, ಶಿಕ್ಷಕರು ಗೊಣಗುತ್ತಾ ಮಾಡುತ್ತಾರೆ, ಕೆಲವೆಡೆ ಕಾಗದದ ಮೇಲಷ್ಟೇ ಆಗುತ್ತದೆ. ಅದರ ಬದಲು ನವೆಂಬರ್‌ನಿಂದ ಫೆಬ್ರುವರಿವರೆಗಿನ ಹತ್ತು ಶನಿವಾರಗಳನ್ನು ಪೂರ್ಣ ದಿನವೆಂದು ವರ್ಷದ ಆರಂಭದಲ್ಲೇ ಗುರುತಿಸಿ, ಮಳೆ ರಜೆ ಎಷ್ಟು ಹೋಯಿತೋ ಅಷ್ಟನ್ನು ಮಾತ್ರ ಬಳಸಿ, ಉಳಿದವನ್ನು ಬಿಟ್ಟುಕೊಡುವ ಕ್ರಮ ಹೆಚ್ಚು ಪ್ರಾಮಾಣಿಕ.

ಇಲ್ಲಿ ಒಂದು ಮಾತು. ಮಳೆಯಿಂದ ಅಷ್ಟು ದಿನ ಕಳೆದುಕೊಳ್ಳುವ ಕರಾವಳಿಯೇ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಮೇಲಿರುತ್ತದೆ: 2024ರಲ್ಲಿ ಉಡುಪಿ ಶೇ 94 ಪಡೆದು ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ, 2025ರಲ್ಲಿ ದಕ್ಷಿಣ ಕನ್ನಡ ಶೇ 91.12, ಕಲಬುರಗಿ ಶೇ 42.43. ಇದಕ್ಕೆ ಬಡತನ, ಶಿಕ್ಷಕರ ಕೊರತೆ, ಮನೆಯ ಓದು ಹೀಗೆ ನೂರು ಕಾರಣಗಳಿವೆ, ವೇಳಾಪಟ್ಟಿ ಅವುಗಳಲ್ಲಿ ಚಿಕ್ಕದು. ಆದರೆ ತೆರೆದಿರುವ ದಿನಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಕಲಿಕೆ ಹೆಚ್ಚುತ್ತದೆಂಬ ನಂಬಿಕೆಯನ್ನು ಈ ಅಂಕಿಗಳು ಪ್ರಶ್ನಿಸುತ್ತವೆ. ತೆರೆದ ದಿನ ಮಕ್ಕಳೆಲ್ಲ ಬರುವ ಶಾಲೆಗೆ ಹತ್ತು ದಿನ ಕಡಿಮೆಯಾದರೂ ನಡೆದೀತು.

ಬೆಂಗಳೂರಿನ ಕೇಂದ್ರ ಪಠ್ಯಕ್ರಮದ ಶಾಲೆಗಳಂತೆ ರಾಜ್ಯ ಶಾಲೆಗಳೂ ಏಪ್ರಿಲ್‌ನಲ್ಲೇ ವರ್ಷ ಆರಂಭಿಸಲಿ ಎಂಬ ಬೇಡಿಕೆಯೂ ಆಗಾಗ ಕೇಳುತ್ತದೆ. ಒಂದು ತಿಂಗಳು ಪಾಠ ಮಾಡಿ ಮತ್ತೆ ರಜೆ ಕೊಡುವ ಆ ಕ್ರಮ ನಗರಕ್ಕೆ ಒಗ್ಗಬಹುದು, ರಾಯಚೂರು ಜಿಲ್ಲೆಯ ಸಿಂಧನೂರಿಗೆ ಒಗ್ಗುವುದಿಲ್ಲ.

ದಿನಾಂಕ ಯಾವುದೇ ಇರಲಿ, ಆ ದಿನ ಶಾಲೆಯಲ್ಲಿ ಶಿಕ್ಷಕರಿರಬೇಕು. ಕಲ್ಯಾಣ ಕರ್ನಾಟಕದ ಎಷ್ಟೋ ಶಾಲೆಗಳು ನಿಂತಿರುವುದು ಅತಿಥಿ ಶಿಕ್ಷಕರ ಮೇಲೆ, ಮತ್ತು ಅವರ ನೇಮಕದ ಆದೇಶ ಶಾಲೆ ತೆರೆದ ಮೇಲೆ ಬರುವುದೇ ವಾಡಿಕೆಯಾಗಿಬಿಟ್ಟಿದೆ. ವರ್ಗಾವಣೆಯ ಕೌನ್ಸೆಲಿಂಗ್ ವರ್ಷದ ನಡುವೆ ನಡೆದರೆ ಇದ್ದವರೂ ಹೊರಡುತ್ತಾರೆ. ಜೂನ್ ಮಧ್ಯಕ್ಕೆ ಮುಂದೂಡಿದಾಗ ಸಿಗುವ ಎರಡು ವಾರ ಈ ಕೆಲಸಗಳಿಗೆ ದಕ್ಕಬೇಕು. ಕಾಯಂ ಶಿಕ್ಷಕರ ಸಂಘಟನೆಗಳು ಇದಕ್ಕೆ ಒಪ್ಪುವುದು ಗಳಿಕೆ ರಜೆಯ, ಅಂದರೆ ಸೇವೆಗೆ ತಕ್ಕಂತೆ ಖಾತೆಗೆ ಸೇರುವ ಸಂಬಳಸಹಿತ ರಜೆಯ, ವಿಷಯ ಸ್ಪಷ್ಟವಾದ ಮೇಲೆಯೇ. ಬೇಸಿಗೆ, ದಸರಾ ರಜೆಗಳಿವೆ ಎಂಬ ಕಾರಣಕ್ಕೆ ಅವರಿಗೆ ಉಳಿದ ನೌಕರರಿಗಿಂತ ಕಡಿಮೆ ಗಳಿಕೆ ರಜೆ ಸಿಗುತ್ತದೆ. ದಸರಾ ಮೊಟಕಾಗಿ, ಬೇಸಿಗೆಯಲ್ಲಿ ಮೌಲ್ಯಮಾಪನ, ಸಮೀಕ್ಷೆ, ಚುನಾವಣೆ ಎಂದು ಓಡಾಡಿದರೆ ಅವರ ರಜೆ ಹೆಸರಿಗಷ್ಟೇ ಉಳಿಯುತ್ತದೆ. ಹಾಗಾಗಿ ಎರಡು ದಿನಾಂಕಗಳ ಆದೇಶದಲ್ಲೇ ಆ ಜಿಲ್ಲೆಗಳ ಶಿಕ್ಷಕರಿಗೆ ಜೂನ್ ಮೊದಲ ಪಕ್ಷದಲ್ಲಿ ಬೇರಾವ ಕರ್ತವ್ಯವನ್ನೂ ಹೊರಿಸುವುದಿಲ್ಲ, ಹೊರಿಸಿದರೆ ಅಷ್ಟು ಗಳಿಕೆ ರಜೆ ಖಾತೆಗೆ ಸೇರುತ್ತದೆ ಎಂದು ಬರೆದಿರಬೇಕು. ಶಾಲೆಗಳು ವಾರ್ಷಿಕ ಕ್ರಿಯಾ ಯೋಜನೆಯನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಬೇಕಾದರೆ ಆ ಆದೇಶ ಏಪ್ರಿಲ್ 10ರಂದು ಮಕ್ಕಳು ಮನೆಗೆ ಹೋಗುವ ಮೊದಲು ಹೊರಡಬೇಕು, ಏಕೆಂದರೆ ಗುಳೆ ಹೋಗುವ ತಂದೆತಾಯಿಗೆ ಮರಳುವ ದಿನವನ್ನು ಹೇಳಿ ಕಳಿಸಲು ಮುಖ್ಯಶಿಕ್ಷಕರಿಗೆ ಇರುವ ಕೊನೆಯ ಅವಕಾಶ ಅದೇ.