ಇಗ್ನೋರ್: ‘ಗೊತ್ತಿಲ್ಲ’ದಿಂದ ‘ಗೊತ್ತಿದ್ದೂ’ವರೆಗೆ

ಕರೆಂಟ್ ಬಿಲ್ ಕಟ್ಟಿ ಮೂರು ದಿನ ಆದಮೇಲೂ ಮೊಬೈಲಿಗೆ ಮತ್ತೊಂದು ಮೆಸೇಜು. ಕೊನೆಯ ಸಾಲಿನಲ್ಲಿ, ‘ಈಗಾಗಲೇ ಪಾವತಿಸಿದ್ದಲ್ಲಿ ಈ ಸಂದೇಶವನ್ನು ನಿರ್ಲಕ್ಷಿಸಿ.’ ಅಮ್ಮ ಇದನ್ನು ಗಟ್ಟಿಯಾಗಿ ಓದಿ, ಕನ್ನಡಕ ತೆಗೆದು ಕೇಳಿದರು: ‘ಅಲ್ವೋ, ನಿರ್ಲಕ್ಷ್ಯ ಮಾಡಬೇಡಿ ಅಂತ ತಾನೇ ಎಲ್ಲರೂ ಹೇಳೋದು? ಇವರು ಮಾಡಿ ಅಂತಾರಲ್ಲ!’

ಅವರ ಅನುಮಾನ ಸರಿಯೇ. ಕನ್ನಡದಲ್ಲಿ ನಿರ್ಲಕ್ಷ್ಯ ಅಂದರೆ ತಪ್ಪು. ಪೇಪರಿನಲ್ಲಿ ಅದು ವೈದ್ಯರ ನಿರ್ಲಕ್ಷ್ಯ, ಚಾಲಕನ ನಿರ್ಲಕ್ಷ್ಯ, ಅಧಿಕಾರಿಗಳ ನಿರ್ಲಕ್ಷ್ಯ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಹಿಂದೆ ದಂಡ ಸಂಹಿತೆಯ 304ಎ ಕಲಂ ಬೀಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಬೀಳುತ್ತದೆ. ಇಂಥ ಪದವನ್ನು ಕರೆಂಟ್ ಬಿಲ್ಲಿನ ಅಡಿಯಲ್ಲಿ ಮರ್ಯಾದೆಯಿಂದ ‘ಮಾಡಿ’ ಎಂದು ಹೇಳಿಸಿದ್ದು ಇಂಗ್ಲಿಷಿನ ‘ಇಗ್ನೋರ್’. ಈ ಕ್ರಿಯಾಪದ ಬಂದ ದಾರಿ ನೋಡಿದರೆ, ಅದೂ ಒಂದು ಕಾಲಕ್ಕೆ ಹೀಗೆಯೇ ಎಡವಟ್ಟಾಗಿ ಕೂತಿದ್ದ ಪದ.

ಮೂಲ ಲ್ಯಾಟಿನ್ನಿನ ‘ಇಗ್ನೊರಾರೆ’. ಅರ್ಥ, ತಿಳಿಯದಿರು. ಅಷ್ಟೇ. ಒಳಗಿರುವ ‘ಗ್ನೊ’ ನಮಗೆ ಅಪರಿಚಿತವಲ್ಲ. ಸಂಸ್ಕೃತದ ‘ಜ್ಞಾ’ ಧಾತುವಿನ ದಾಯಾದಿ. ಜ್ಞಾನ, ಅಜ್ಞಾನ, ಪ್ರಜ್ಞೆ, ಆಜ್ಞೆ ಎಲ್ಲ ಆ ಮನೆಯವೇ. ಇಂಗ್ಲಿಷಿನ ‘ನೋ’ ಕೂಡ ಅದೇ ಕುಲ. ಅದರ ಮೊದಲಲ್ಲಿ ಕೆ ಅಕ್ಷರ ಬರೆದು ಓದದೆ ಬಿಡುತ್ತಾರಲ್ಲ, ಅದು ಆ ಹಳೆಯ ಧಾತುವಿನ ಗುರುತು. ಫ್ರೆಂಚಿನಲ್ಲಿ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ಪ್ಯಾರಿಸ್ಸಿನಲ್ಲಿ ನೀವು ದಾರಿ ಕೇಳಿ, ಎದುರಿದ್ದವನು ‘ಜಿನ್ಯೋರ್’ ಎಂದರೆ ಅವನು ನಿಮ್ಮನ್ನು ಇಗ್ನೋರ್ ಮಾಡುತ್ತಿಲ್ಲ. ‘ನನಗೆ ಗೊತ್ತಿಲ್ಲ’ ಎನ್ನುತ್ತಿದ್ದಾನೆ.

ಇಂಗ್ಲಿಷಿಗೆ ಮೊದಲು ಬಂದದ್ದು ‘ಇಗ್ನೊರೆನ್ಸ್’, ‘ಇಗ್ನೊರೆಂಟ್’ ಎಂಬ ನಾಮಪದ, ಗುಣಪದಗಳು. ಕ್ರಿಯಾಪದ ಬಂದದ್ದು ಶತಮಾನಗಳ ನಂತರ, ಹದಿನೇಳನೇ ಶತಮಾನದಲ್ಲಿ. ಆಗಲೂ ‘ತಿಳಿಯದಿರು’ ಎಂಬ ಅರ್ಥದಲ್ಲೇ. ಅನಿಲದ ಒತ್ತಡದ ನಿಯಮದಿಂದ ನಮಗೆ ಶಾಲೆಯಲ್ಲೇ ಪರಿಚಯವಾದ ರಾಬರ್ಟ್ ಬಾಯ್ಲ್ ಇದನ್ನು ತನ್ನ ಬರಹಗಳಲ್ಲಿ ಬಳಸಿದ. ಯಾರೂ ಕೈಹಿಡಿಯಲಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟಿನಲ್ಲಿ ಇದಕ್ಕೆ ಒಂದು ಶ್ರದ್ಧಾಂಜಲಿಯನ್ನೇ ಬರೆದುಬಿಟ್ಟ: ಬಾಯ್ಲ್ ಈ ಪದವನ್ನು ತರಲು ನೋಡಿದ, ಆದರೆ ಅದನ್ನು ಯಾರೂ ಒಪ್ಪಿಕೊಂಡಿಲ್ಲ. ಇಗ್ನೋರ್ ಎಂಬ ಪದವನ್ನೇ ಇಂಗ್ಲಿಷಿನವರು ಇಗ್ನೋರ್ ಮಾಡಿದ್ದ ಕಾಲ ಅದು.

ಅದು ಬದುಕಿದ್ದು ಕೋರ್ಟಿನಲ್ಲಿ. ಇಂಗ್ಲೆಂಡಿನಲ್ಲಿ ಯಾರ ಮೇಲಾದರೂ ಗಂಭೀರ ಆರೋಪ ಬಂದರೆ, ವಿಚಾರಣೆಗೆ ಮುಂಚೆ ಅದು ಗ್ರ್ಯಾಂಡ್ ಜ್ಯೂರಿಯ, ಅಂದರೆ ಆರೋಪ ವಿಚಾರಣೆಗೆ ತಕ್ಕದ್ದೇ ಎಂದು ನೋಡುವ ನಾಗರಿಕರ ಗುಂಪಿನ, ಮುಂದೆ ಹೋಗಬೇಕಿತ್ತು. ಸಾಕ್ಷ್ಯ ಸಾಲದು ಅನ್ನಿಸಿದರೆ ಜ್ಯೂರಿಯವರು ಆರೋಪಪತ್ರದ ಬೆನ್ನಿಗೆ ಒಂದೇ ಲ್ಯಾಟಿನ್ ಪದ ಬರೆಯುತ್ತಿದ್ದರು: ‘ಇಗ್ನೊರಾಮುಸ್’. ನಮಗೆ ಗೊತ್ತಿಲ್ಲ, ಎಂದು. ಕೇಸು ಅಲ್ಲಿಗೆ ಮುಗಿಯಿತು. 1615ರಲ್ಲಿ ಕೇಂಬ್ರಿಡ್ಜಿನಲ್ಲಿ ದೊರೆ ಒಂದನೇ ಜೇಮ್ಸ್‌ನ ಎದುರು ಜಾರ್ಜ್ ರಗಲ್‌ನ ಒಂದು ಲ್ಯಾಟಿನ್ ಪ್ರಹಸನ ಆಡಿದರು; ಅದರಲ್ಲಿನ ದಡ್ಡ ವಕೀಲನ ಹೆಸರೇ ಇಗ್ನೊರಾಮುಸ್. ಅಲ್ಲಿಂದಾಚೆಗೆ ಆ ಪದಕ್ಕೆ ಪೆದ್ದ ಎಂಬ ಅರ್ಥ ಅಂಟಿಕೊಂಡಿತು.

ಆದರೆ ಅರ್ಥದ ನಿಜವಾದ ಹೊರಳು ಕಾಣಿಸುವುದು ಪ್ರಹಸನದಲ್ಲಲ್ಲ, 1681ರ ನವೆಂಬರ್ 24ರಂದು, ಲಂಡನ್ನಿನ ಓಲ್ಡ್ ಬೈಲಿ ಕೋರ್ಟಿನಲ್ಲಿ. ದೊರೆ ಎರಡನೇ ಚಾರ್ಲ್ಸ್‌ನ ಕಡು ವಿರೋಧಿ, ರಾಜಕಾರಣಿ ಶಾಫ್ಟ್ಸ್‌ಬರಿಯ ಮೇಲೆ ರಾಜದ್ರೋಹದ ಆರೋಪ. ಜ್ಯೂರಿಯನ್ನು ಆರಿಸಿದ ನಗರದ ಷೆರಿಫರು ಅವನದೇ ಪಕ್ಷದ ಕಡೆಯವರು. ಜ್ಯೂರಿ ಸಾಕ್ಷಿಗಳನ್ನೆಲ್ಲ ಕೇಳಿತು, ಪತ್ರದ ಬೆನ್ನಿಗೆ ‘ಇಗ್ನೊರಾಮುಸ್’ ಬರೆದು ಕೊಟ್ಟಿತು. ಊರಿನಲ್ಲಿ ಸಂಭ್ರಮದ ಬೆಂಕಿ ಹಾಕಿ ಕುಣಿದರು. ಅಷ್ಟೆಲ್ಲ ಕೇಳಿಸಿಕೊಂಡ ಮೇಲೂ ‘ಗೊತ್ತಿಲ್ಲ’ ಎಂದರೆ ಏನರ್ಥ? ‘ಗೊತ್ತು ಮಾಡಿಕೊಳ್ಳುವುದಿಲ್ಲ’ ಎಂದಲ್ಲವೇ? ಇಂದಿನ ಇಗ್ನೋರ್ ಅಲ್ಲಿ ಆಗಲೇ ಮೊಳೆತಿದೆ ಎಂದು ನನಗನ್ನಿಸುತ್ತದೆ. ಮುಂದೆ ಹತ್ತೊಂಬತ್ತನೇ ಶತಮಾನದಲ್ಲಿ, ಜ್ಯೂರಿ ಆರೋಪವನ್ನು ತಳ್ಳಿಹಾಕಿದರೆ ‘ಬಿಲ್ಲನ್ನು’, ಅಂದರೆ ಆರೋಪಪತ್ರವನ್ನು, ‘ಇಗ್ನೋರ್’ ಮಾಡಿತು ಎಂದು ಪತ್ರಿಕೆಗಳು ಬರೆಯತೊಡಗಿದವು. ಬೇಕೆಂದೇ ಗಮನಿಸದಿರು ಎಂಬ ಸಾಮಾನ್ಯ ಅರ್ಥ ಬಳಕೆಗೆ ಬಂದದ್ದೂ ಆ ಶತಮಾನದಲ್ಲೇ. ಜಾನ್ಸನ್ ಕೈಬಿಟ್ಟಿದ್ದ ಪದ ಹೊಸ ಅರ್ಥ ಹೊತ್ತು ಗೆದ್ದಿತು. ಹಳೆಯ ಅರ್ಥ ಇಂಗ್ಲಿಷಿನಿಂದ ಸದ್ದಿಲ್ಲದೆ ಹೊರಟುಹೋಯಿತು.

ನಮ್ಮಲ್ಲಿ? ಅದೇ ‘ಜ್ಞಾ’ದಿಂದ ಸಂಸ್ಕೃತ ಎಂದೋ ‘ಅವಜ್ಞೆ’ ಮಾಡಿಕೊಂಡಿತ್ತು, ಆದರೆ ಅದರಲ್ಲಿ ತಿರಸ್ಕಾರದ ಖಾರ ಹೆಚ್ಚು. ‘ಉಪೇಕ್ಷೆ’ಯ ಕಥೆ ಇನ್ನೂ ಸ್ವಾರಸ್ಯ. ಪತಂಜಲಿಯ ಯೋಗಸೂತ್ರದಲ್ಲಿ ಅದು ಮೈತ್ರಿ, ಕರುಣೆ, ಮುದಿತೆಗಳ ಸಾಲಿನಲ್ಲಿ ಕೂರುವ ಸದ್ಗುಣ, ಸಮಚಿತ್ತದಿಂದ ನೋಡುವುದು. ಕನ್ನಡಕ್ಕೆ ಬಂದು ‘ಉತ್ತರ ಕರ್ನಾಟಕದ ಉಪೇಕ್ಷೆ’ ಆಗಿ ಅಧಿವೇಶನದ ಗದ್ದಲಕ್ಕೆ ಸಿಕ್ಕಿಕೊಂಡಿದೆ. ಅಸಡ್ಡೆಯಲ್ಲಿರುವ ‘ಸಡ್ಡೆ’ ಶ್ರದ್ಧೆಯ ತದ್ಭವ. ಕಡೆಗಣಿಸು ಎಂದಾಗ ಕೊನೆಗೆ ಎಣಿಸುವುದೂ ನೆನಪಾಗುತ್ತದೆ, ಕಡೆಗಣ್ಣಿನಿಂದ ನೋಡುವುದೂ ನೆನಪಾಗುತ್ತದೆ. ಇವುಗಳಲ್ಲಿ ಯಾವುದನ್ನು ಬಳಸಿದರೂ ಎದುರಿಗೊಬ್ಬ ತಪ್ಪಿತಸ್ಥ ನಿಂತಿರುತ್ತಾನೆ. ಆರೋಪವಿಲ್ಲದೆ ‘ಬಿಟ್ಟುಬಿಡು’ ಎನ್ನುವ ಕೆಲಸವನ್ನು ಕನ್ನಡ ಮೈಮೇಲಿನ ಅಂಗಗಳಿಗೆ ಹಂಚಿಕೊಟ್ಟಿದೆ. ಚಾಡಿಮಾತು ಬಂದರೆ ಕಿವಿಗೆ ಹಾಕ್ಕೋಬೇಡ. ಚಿಂತೆಯಾದರೆ ತಲೆಗೆ ಹಚ್ಕೋಬೇಡ. ಚುಚ್ಚುಮಾತಾದರೆ ಮನಸ್ಸಿಗೆ ಹಚ್ಕೋಬೇಡ. ಆದರೆ ಹೊಟ್ಟೆಗೆ ಮಾತ್ರ ಹಾಕ್ಕೊ, ಅಂದರೆ ಕ್ಷಮಿಸು. ಇಷ್ಟನ್ನೂ ಇಂಗ್ಲಿಷ್ ಬಹುಮಟ್ಟಿಗೆ ಒಂದೇ ಪದದಲ್ಲಿ ಸಾಗಹಾಕುತ್ತದೆ.

ಬಹುಶಃ ಅದಕ್ಕೇ ಕಾಲೇಜು ಹುಡುಗಿ ‘ಅವನನ್ನ ಇಗ್ನೋರ್ ಮಾಡೇ’ ಎನ್ನುತ್ತಾಳೆಯೇ ಹೊರತು ‘ನಿರ್ಲಕ್ಷಿಸು’ ಎನ್ನುವುದಿಲ್ಲ. ಅದು ಇಂಗ್ಲಿಷ್ ವ್ಯಾಮೋಹ ಎಂದು ಬೈಯುವವರ ಜೊತೆ ನಾನಿಲ್ಲ. ಅವಳ ಕಿವಿ ಸೂಕ್ಷ್ಮವಾಗಿದೆ. ಕಿವಿ ಮಂದವಾಗಿರುವುದು ಬಿಲ್ಲಿನ ಸಂದೇಶ ಅನುವಾದಿಸಿದವರದು. ‘ಪಾವತಿಸಿದ್ದರೆ ಈ ಸಂದೇಶ ನಿಮಗಲ್ಲ’ ಎಂದಿದ್ದರೆ ಅಮ್ಮ ಕನ್ನಡಕ ತೆಗೆಯುತ್ತಿರಲಿಲ್ಲ.

ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಈ ಪದ ದಿನವೂ ಎದುರಾಗುವುದು ಬೇರೊಂದು ಕಡೆ. ಕೋಡ್ ಬದಲಾವಣೆಗಳ ಲೆಕ್ಕವಿಡುವ ‘ಗಿಟ್’ 2005ರಲ್ಲಿ ಬಂತು. ಅದರಲ್ಲಿ ‘ಗಿಟ್‌ಇಗ್ನೋರ್’ ಎಂಬ ಪುಟ್ಟ ಫೈಲು. ಲೆಕ್ಕಕ್ಕೆ ಬೇಡದವುಗಳ ಹೆಸರನ್ನು ಅಲ್ಲಿ ಬರೆದಿಡುತ್ತಾರೆ. ಕೆಲಸ ಕಲಿಯುವ ಹೊಸಬರೆಲ್ಲ ಒಮ್ಮೆಯಾದರೂ ಇಲ್ಲಿ ಎಡವುತ್ತಾರೆ. ಪಾಸ್‌ವರ್ಡ್ ಇರುವ ಫೈಲನ್ನು ಮೊದಲೇ ಸೇರಿಸಿಬಿಟ್ಟಿರುತ್ತಾರೆ, ಆಮೇಲೆ ಇಗ್ನೋರ್ ಪಟ್ಟಿಗೆ ಬರೆಯುತ್ತಾರೆ. ಗಿಟ್ ಕೇಳುವುದಿಲ್ಲ, ಆ ಫೈಲನ್ನು ಗಮನಿಸುತ್ತಲೇ ಇರುತ್ತದೆ. ಒಮ್ಮೆ ಗುರುತು ಹಚ್ಚಿದ್ದನ್ನು ಇಗ್ನೋರ್ ಮಾಡಲು ಅದಕ್ಕೆ ಬರುವುದಿಲ್ಲ. ತನಗೆ ಗೊತ್ತಿಲ್ಲದ್ದನ್ನು ಮಾತ್ರ ಅದು ಇಗ್ನೋರ್ ಮಾಡಬಲ್ಲದು, ಥೇಟ್ ಹಳೆಯ ಲ್ಯಾಟಿನ್ನಿನ ಹಾಗೆ. ಮೊದಲು ಆ ಫೈಲನ್ನು ಮರೆತುಬಿಡು ಎಂದು ಬೇರೊಂದು ಕಮಾಂಡ್ ಕೊಡಬೇಕು. ಇಗ್ನೋರ್ ಏನಿದ್ದರೂ ಆಮೇಲೆ.